ಅಂದಾಜು ಕಚೇರಿಯ ಹಾಲು

ಯಾವುದೇ ಉಪಕರಣವನ್ನು, ಅದು ಪೂರ್ತಿ ಚಾರ್ಜ್ ಆಗಲು ಎಷ್ಟು ಹೊತ್ತು ಬೇಕೆಂದು ಮೊದಲೇ ಅಂದಾಜು ಮಾಡಿಸದೆ ಚಾರ್ಜಿಗೆ ಹಾಕಕೂಡದು. ಇದು ಊರಿನ ನಿಯಮ. ನಿಯಮ ಒಳ್ಳೆಯದೇ. ಕರೆಂಟು ಕಮ್ಮಿ, ಫೋನು ಜಾಸ್ತಿ. ಅದಕ್ಕೆಂದೇ ಅಂದಾಜು ಕಚೇರಿ ಆಯಿತು. ಮನೆಮನೆಯ ಪ್ಲಗ್ಗಿಗೆ ತಗಡಿನ ಮುಚ್ಚಳ ಕೂರಿಸಿ ಬೀಗ ಹಾಕಿದರು. ಕೀಲಿಕೈಗಳೆಲ್ಲ ಕಚೇರಿಯ ಬೀರುವಿನಲ್ಲಿವೆ. ಬೀರುವಿನ ಕೀಲಿಕೈ ಎಲ್ಲಿದೆ ಎಂಬ ಬಗ್ಗೆ ವಿಚಾರಣೆ ನಡೆಯುತ್ತಿದೆ.

ಬೀಗದವನ ಹೆಂಡತಿ ತೀರಿಕೊಂಡು ಒಂದು ಮಳೆಗಾಲ ಕಳೆದಿತ್ತು. ಅವಳ ಫೋನು ಅಡಿಗೆಮನೆಯ ಗೂಡಿನಲ್ಲಿ ಸತ್ತು ಬಿದ್ದಿತ್ತು. ಅದರಲ್ಲಿ ಅವನಿಗೆ ಬೇಕಾಗಿದ್ದು ಒಂದೇ. ದಿನಾ ಸಂಜೆ ಹಾಲು ಕಾಯಿಸುವ ಹೊತ್ತಿಗೆ ಅದು ಅವಳ ದನಿಯಲ್ಲಿ ಕೂಗುತ್ತಿತ್ತು: "ರೀ, ಹಾಲು ನೋಡ್ರಿ."

ಹಾಲು ನೋಡಿಕೊಳ್ಳಿ ಅಂತ ಹೇಳಿ ಅವಳು ಬಟ್ಟೆ ತೆಗೆಯಲು ಮಹಡಿಗೆ ಹೋಗುತ್ತಿದ್ದಳು. ಅವನು ಹಾಲನ್ನೇ ನೋಡುತ್ತಾ ಯಾವುದೋ ಬೀಗದ ಯೋಚನೆಯಲ್ಲಿ ಕೂರುತ್ತಿದ್ದ. ಹಾಲು ಉಕ್ಕುತ್ತಿತ್ತು. ಬೈದು ಬೈದು ಸಾಕಾಗಿ ಅವಳು ಬೈಗುಳವನ್ನೇ ಅಲಾರಾಂ ಮಾಡಿಟ್ಟಳು.

"ಭಾವ, ಊರಿನ ಬೀಗವೆಲ್ಲ ತೆಗೀತೀರಿ. ಈ ಪ್ಲಗ್ಗಿನ ಬೀಗ ತೆಗೆಯೋಕಾಗಲ್ವಾ?" ಅಂದಳು ನಾದಿನಿ.

"ಅದನ್ನ ಹಾಕಿದ್ದೇ ನಾನು."

"ಹಾಗಾದ್ರೆ ಸುಲಭ."

"ಯಾರಿಗೂ ತೆಗೆಯೋಕಾಗಬಾರದು ಅಂದಿದ್ರು. ಹಾಗೇ ಹಾಕಿದ್ದೀನಿ."

ನಾದಿನಿ ಮುಚ್ಚಳ ನೋಡಿದಳು. ಭಾವನನ್ನು ನೋಡಿದಳು. "ಅಕ್ಕ ಸುಮ್ಮನೆ ಬೈತಿರಲಿಲ್ಲ ಬಿಡಿ," ಅಂದಳು.

ಬೀಗದವನು ಬೆಳಿಗ್ಗೆಯೇ ಕಚೇರಿಗೆ ಹೋದ. ಅಂದಾಜು ಅಧಿಕಾರಿ ಫೋನನ್ನು ಅಂಗೈಲಿಟ್ಟು ತೂಗಿದರು. ಫ್ಯಾನು ನೋಡಿದರು.

"ಮೂರು ಗಂಟೆ."

"ಹೇಗೆ ಗೊತ್ತಾಯ್ತು ಸಾರ್?"

"ಗೊತ್ತಾದ್ರೆ ಅದನ್ನ ಅಂದಾಜು ಅನ್ನಲ್ಲ."

"ಇನ್ನು ಚಾರ್ಜಿಗೆ ಹಾಕಬಹುದಾ?"

"ಅಂದಾಜು ಸರಿಯಾ ಅಂತ ಮೊದಲು ನೋಡಬೇಕಲ್ಲ. ಅದಕ್ಕೆ ಚಾರ್ಜಿಗೆ ಹಾಕ್ತೀವಿ."

"ಹಾಗಾದ್ರೆ ಚಾರ್ಜ್ ಆಗುತ್ತೆ."

"ಆಗುತ್ತೆ. ಆಮೇಲೆ ಖಾಲಿ ಮಾಡಿ ಕೊಡ್ತೀವಿ."

"ಯಾಕೆ ಸಾರ್?"

"ಅದು ಪರೀಕ್ಷೆಯ ಕರೆಂಟು ಕಣಯ್ಯ. ಪರೀಕ್ಷೆಗೆ ಅಂತ ಮಂಜೂರಾಗಿರೋದು. ಮನೆಗೆ ಹೊತ್ಕೊಂಡು ಹೋದ್ರೆ ಕಳ್ಳತನ."

ಖಾಲಿ ಮಾಡಲು ಒಬ್ಬ ಗುಮಾಸ್ತ ಇದ್ದ. ಜನರ ಫೋನುಗಳಲ್ಲಿ ಸಿನಿಮಾ ಹಾಕಿಕೊಂಡು ನೋಡುವುದು ಅವನ ಕೆಲಸ. ಅವನಿಗೆ ಕಣ್ಣುನೋವಿನ ಭತ್ಯೆ ಇತ್ತು. ಬೀಗದವನ ಹೆಂಡತಿಯ ಫೋನಿನಲ್ಲಿ ಸಿನಿಮಾ ಇರಲಿಲ್ಲ. ಟಾರ್ಚ್ ಹಚ್ಚಿ ಮೇಜಿನ ಮೇಲಿಟ್ಟ. ಸಂಜೆಗೆ ಮುಂಚೆ ಫೋನು ಮತ್ತೆ ಸತ್ತಿತು.

ಬೀಗದವನು ಅದನ್ನು ಹಿಡಿದುಕೊಂಡು ಪಕ್ಕದ ಚಾರ್ಜ್ ಕೌಂಟರಿಗೆ ಹೋದ.

"ಇದು ಒಂದು ಸಲ ಚಾರ್ಜ್ ಆಗಿ ಖಾಲಿಯಾಗಿದೆ. ಬ್ಯಾಟರಿ ಅಷ್ಟು ಹಳೇದಾಯ್ತು. ಹಳೇ ಅಂದಾಜು ನಡೆಯಲ್ಲ. ಹೊಸದು ಮಾಡಿಸ್ಕೊಂಡು ಬನ್ನಿ," ಅಂದರು ಕೌಂಟರಿನವರು.

ಆ ಕೌಂಟರಿನಲ್ಲಿ ಇದುವರೆಗೆ ಯಾರ ಫೋನೂ ಚಾರ್ಜ್ ಆಗಿಲ್ಲ. ಹೀಗೆ ಕರೆಂಟು ಉಳಿಸಿದ್ದಕ್ಕೆ ಕಚೇರಿಗೆ ಬಂದ ಪ್ರಶಸ್ತಿಯನ್ನು ಬಾಗಿಲ ಮೇಲೆ ತೂಗುಹಾಕಿದ್ದಾರೆ.

ಮಾರನೆಯ ದಿನ ಸಾಲು ಉದ್ದ ಇತ್ತು. ಬೀಗದವನ ಸರದಿ ಬರುವಾಗ ಸಂಜೆ ಆಗಿತ್ತು. ಅಧಿಕಾರಿ ಮತ್ತೆ ಫ್ಯಾನು ನೋಡಿ ಮತ್ತೆ ಮೂರು ಗಂಟೆ ಅಂದರು. ಫೋನಿಗೆ ವೈರು ಚುಚ್ಚಿದರು. ಅದಕ್ಕೆ ಜೀವ ಬಂತು.

ಮೂಲೆಯಲ್ಲಿ ಸ್ಟೌ ಮೇಲೆ ಕಚೇರಿಯ ಚಹಾದ ಹಾಲು ಇತ್ತು. ಆ ಹಾಲು ದಿನಾ ಉಕ್ಕಿ ಹೋಗುತ್ತಿತ್ತು. ಯಾಕೆ ಉಕ್ಕುತ್ತದೆಂದು ತಿಳಿಯಲು ಒಂದು ಸಮಿತಿ ಮಾಡಿದ್ದರು. ಸಮಿತಿ ಚಹಾದ ಹೊತ್ತಿಗೆ ಸೇರುತ್ತಿತ್ತು. ಚಹಾ ಇಲ್ಲದ ಕಾರಣ ಸಭೆ ಮುಂದಕ್ಕೆ ಹೋಗುತ್ತಿತ್ತು.

"ರೀ, ಹಾಲು ನೋಡ್ರಿ."

ಗುಮಾಸ್ತ ನೋಡುತ್ತಿದ್ದ ಸಿನಿಮಾ ಬಿಟ್ಟು ಎದ್ದು ಓಡಿದ. ಹಾಲು ಪಾತ್ರೆಯ ಅಂಚಿಗೆ ಬಂದಿತ್ತು. ಸ್ಟೌ ಆರಿಸಿದ. ಸಾಲಿನಲ್ಲಿ ನಿಂತವರೂ ಒಂದು ಗಳಿಗೆ ತಂತಮ್ಮ ಮನೆಯ ಒಲೆ ನೆನೆಸಿಕೊಂಡರು.

"ಯಾರದು ಮಾತಾಡಿದ್ದು?" ಅಂದರು ಅಧಿಕಾರಿ.

"ನನ್ನ ಹೆಂಡತಿ ಸಾರ್."

"ಎಲ್ಲಿದ್ದಾರೆ?"

ಬೀಗದವನು ಪ್ಲಗ್ಗಿನ ಕಡೆ ಕೈ ತೋರಿಸಿದ.

"ಅವರನ್ನೇ ಕರ್ಕೊಂಡು ಬರಬಹುದಿತ್ತಲ್ಲ."

"ಆಗಲ್ಲ ಸಾರ್."

ಚಹಾ ಬಂತು. ಆ ಕಚೇರಿಯಲ್ಲಿ ಅದೇ ಮೊದಲನೆಯ ಚಹಾ. ಅಧಿಕಾರಿ ನಿಧಾನಕ್ಕೆ ಕುಡಿದು ಲೋಟ ಕೆಳಗಿಟ್ಟರು.

"ಈ ಅಂದಾಜು ಯಾಕೋ ಸರಿ ಕೂರ್ತಿಲ್ಲ. ನಾಳೆ ಬನ್ನಿ. ಇದೇ ಹೊತ್ತಿಗೆ ಬನ್ನಿ."

ಮಾರನೆಯ ದಿನ ಗೋಡೆಯ ಮೇಲೆ ಪ್ರಕಟಣೆ ಇತ್ತು. ಬೀಗದವರ ಮನೆಯವರ ಫೋನಿನ ಅಂದಾಜು ಬಹಳ ತೊಡಕಿನದಾಗಿರುವುದರಿಂದ, ಮುಂದಿನ ಆದೇಶದವರೆಗೆ ಅದನ್ನು ಪ್ರತಿದಿನ ಸಂಜೆ ಹೊಸದಾಗಿ ಮಾಡತಕ್ಕದ್ದು. ಸದರಿ ಫೋನು ಮಾತಾಡುವಾಗ ಸಾರ್ವಜನಿಕರು ಮಾತಾಡಕೂಡದು. ಹಾಲಿನ ಸಮಿತಿ ಮುಂದುವರಿಯತಕ್ಕದ್ದು.

ಯಾರೂ ತಕರಾರು ಮಾಡಲಿಲ್ಲ. ಸಾಲಿನವರು ಅವನಿಗೆ ಜಾಗ ಬಿಟ್ಟುಕೊಡುತ್ತಿದ್ದರು. ಗುಮಾಸ್ತ ಸ್ಟೌ ಪಕ್ಕ ಅವನಿಗೊಂದು ಸ್ಟೂಲು ಹಾಕಿಟ್ಟ.

ಒಂದು ದಿನ ನಾದಿನಿ ಓಡಿಬಂದಳು. "ಭಾವ, ಬೀರುವಿನ ಕೀಲಿಕೈ ಸಿಕ್ತಂತೆ. ಕೇಳಿದವರಿಗೆ ಪ್ಲಗ್ಗು ಬಿಡಿಸಿ ಕೊಡ್ತಾರಂತೆ. ಇನ್ನು ಮನೇಲೇ ಕೂತು ಅಕ್ಕನ ದನಿ ಕೇಳಬಹುದು."

ಬೀಗದವನು ಚಪ್ಪಲಿ ಮೆಟ್ಟುತ್ತಿದ್ದ. ಫೋನು ಜೇಬಿನಲ್ಲಿತ್ತು.

"ಮನೇಲಿ ಹಾಲೆಲ್ಲಿ ಕಾಯಿಸ್ತೀನಮ್ಮ ಈಗ?" ಅಂದ.

ನಾದಿನಿ ಒಲೆಯ ಕಡೆ ನೋಡಿದಳು. ಅದು ಒರೆಸಿಟ್ಟ ಹಾಗೇ ಇತ್ತು.

"ಹೋಗಿ ಬನ್ನಿ ಭಾವ. ಹೊತ್ತಾಯ್ತು."

ಕಚೇರಿಯಲ್ಲಿ ಅಧಿಕಾರಿ ಫೋನು ತೂಗಿ, ಫ್ಯಾನು ನೋಡಿ, ಮೂರು ಗಂಟೆ ಅಂದರು. ವೈರು ಚುಚ್ಚಿದರು. ಬೀಗದವನು ಸ್ಟೂಲಿನಲ್ಲಿ ಕೂತು ಹಾಲು ನೋಡಿದ. ಬೇರೆ ಏನನ್ನೂ ಯೋಚಿಸಲಿಲ್ಲ.

"ರೀ, ಹಾಲು ನೋಡ್ರಿ."

"ನೋಡ್ತಿದ್ದೀನಿ ಕಣೇ," ಅಂದು ಉರಿ ಸಣ್ಣ ಮಾಡಿದ.

ಎಲ್ಲರೂ ಚಹಾ ಕುಡಿದರು. ಆಮೇಲೆ ಗುಮಾಸ್ತ ಫೋನು ತಗೊಂಡು, ಖಾಲಿ ಮಾಡಲು ಟಾರ್ಚ್ ಹಚ್ಚಿದ.