ಟ್ರಕ್ಕಿನಲ್ಲಿ ಕೂತ ವರ್ಲಿನ್

ವರ್ಲಿನ್ ಸ್ಟ್ಯಾಂಪರ್ ಬಚ್ಚಲಿಗೆ ಹೋಗಲು ಎದ್ದದ್ದೇ ತಪ್ಪಾಯಿತು.

ಅವನು ಹೋಗಿ ಬರಲು ಹಿಡಿದದ್ದು ಎರಡು ನಿಮಿಷ. ಅಷ್ಟರಲ್ಲಿ ಟೀವಿಯಲ್ಲಿ ಅವರೂರಿನ ಟ್ರಾಸ್ಕ್ ಕಾಲೇಜಿನ ಹುಡುಗರು ಏಳು ಪಾಯಿಂಟ್ ಬಾಚಿಕೊಂಡಿದ್ದರು. ಅವನು ವಾಪಸ್ ಬಂದು ಸೋಫಾದ ಮೇಲೆ ಕೂತನೋ ಇಲ್ಲವೋ, ಎದುರಾಳಿಗಳು ಚೆಂಡು ಕಿತ್ತುಕೊಂಡು ಹೋಗಿ ಬುಟ್ಟಿಗೆ ಹಾಕಿದರು. ಕೋಣೆಯಲ್ಲಿದ್ದ ಹದಿನಾಲ್ಕು ತಲೆಗಳೂ ನಿಧಾನವಾಗಿ ಅವನ ಕಡೆ ತಿರುಗಿದವು.

"ವರ್ಲಿನ್, ಇನ್ನೊಂದ್ಸಲ ಹೋಗ್ಬಾ," ಎಂದ ಮನೆಯ ಯಜಮಾನ ಡ್ವೈಟ್.

"ಈಗ ತಾನೇ ಹೋಗಿದ್ನಲ್ಲೋ."

"ಬರದಿದ್ರೆ ಸುಮ್ನೆ ನಿಂತ್ಕೋ. ಊರಿಗೋಸ್ಕರ ಅಷ್ಟೂ ಮಾಡಕ್ಕಾಗಲ್ವಾ?"

ವರ್ಲಿನ್ ಹೋಗಿ ನಿಂತ. ಟ್ರಾಸ್ಕ್ ಮತ್ತೆ ಮೂರು ಪಾಯಿಂಟ್ ಹೊಡೆಯಿತು. ಅಲ್ಲಿಗೆ ಅವನ ಹಣೆಬರಹ ತೀರ್ಮಾನವಾಯಿತು.

ಗುರುವಾರದ ಮಟಮಟ ಮಧ್ಯಾಹ್ನ ಕೇರಿಯೆಲ್ಲ ಟೀವಿ ಮುಂದೆ ಕೂರಲು ಕಾರಣವಿತ್ತು. ಒಲೆ ಮಾಡುವ ಫ್ಯಾಕ್ಟರಿ ನವೆಂಬರಿನಲ್ಲಿ ಬಾಗಿಲು ಹಾಕಿತ್ತು. ಕೆಂಟಕಿಯ ಆ ಪುಟ್ಟ ಊರಿಗೆ ಉಳಿದದ್ದು ಕಾಲೇಜು, ಕಾಲೇಜಿನ ಹೆಸರು ಉಳಿಸಿದ್ದು ಈ ಬ್ಯಾಸ್ಕೆಟ್‌ಬಾಲ್ ತಂಡ. ಇಪ್ಪತ್ತಾರು ವರ್ಷಗಳ ಮೇಲೆ ಅದು ಮಾರ್ಚ್ ತಿಂಗಳ ದೊಡ್ಡ ಪಂದ್ಯಾವಳಿಗೆ ಕಾಲಿಟ್ಟಿತ್ತು. ಇವತ್ತು ಸೋತರೆ ಇವತ್ತೇ ಗಂಟುಮೂಟೆ. ಕೆಲಸ ಹೋದ ಮೇಲೆ ಕೇಬಲ್ ತೆಗೆಸಿದ್ದ ವರ್ಲಿನ್ ಚಳಿಗಾಲವನ್ನೆಲ್ಲ ಒಬ್ಬನೇ ಗೋಡೆ ನೋಡಿಕೊಂಡು ಕಳೆದಿದ್ದ. ನಾಲ್ಕು ಜನರ ಭುಜಕ್ಕೆ ಭುಜ ತಾಗಿಸಿ ಒಂದು ಸೋಫಾದ ಮೇಲೆ ಕೂತು ಒಂದು ಪಂದ್ಯ ನೋಡಬೇಕು, ಪಾಪ, ಅವನ ಆಸೆ ಅಷ್ಟೇ ಇತ್ತು.

ಬಚ್ಚಲು ಬೇರೆಯವರಿಗೂ ಬೇಕಲ್ಲ ಎಂದು ಅವನನ್ನು ಜಗಲಿಗೆ ದಾಟಿಸಿದರು. ಅವನು ಕಿಟಕಿಯಲ್ಲಿ ಇಣುಕಿದ. ಎಂಬತ್ತೆರಡರ ಓಪಲ್ ಅಜ್ಜಿ ತಕ್ಷಣ ಕಂಡುಹಿಡಿದಳು.

"ಅವನ ಮೂತಿ ಕಾಣ್ತಿದೆ! ಅದಕ್ಕೇ ಹುಡುಗರ ಕೈ ನಡುಗ್ತಿರೋದು. ಟ್ರಕ್ಕಿಗೆ ಕಳಿಸ್ರೋ ಅವನ್ನ."

"ಅಜ್ಜಿ, ನನ್ನ ಟ್ರಕ್ಕಲ್ಲಿ ಹೀಟರ್ ಕೆಟ್ಟಿದೆ."

"ನೋರೀನ್ ಕಂಬಳಿ ಕೊಡ್ತಾಳೆ. ಹೋಗಪ್ಪಾ, ನಮ್ಮಪ್ಪ ಅಲ್ವಾ."

ಡ್ವೈಟನ ಹೆಂಡತಿ ನೋರೀನ್ ಕಂಬಳಿಯ ಜೊತೆಗೆ ಒಂದು ಬಟ್ಟಲು ಬೀನ್ಸ್ ಸಾರನ್ನೂ ಕೊಟ್ಟು ಒಳಗೆ ಹೋದಳು. ಮೂವತ್ತೊಂದು ವರ್ಷ ಫ್ಯಾಕ್ಟರಿಯಲ್ಲಿ ಒಲೆಯ ಬಾಗಿಲಿಗೆ ಬಣ್ಣ ಹಾಕಿದ ಹೆಂಗಸು. ನವೆಂಬರಿನಿಂದ ಅವಳು ಮಾತು ಕಡಿಮೆ ಮಾಡಿದ್ದಳು, ನಗುವುದನ್ನಂತೂ ಬಿಟ್ಟೇಬಿಟ್ಟಿದ್ದಳು.

ಟ್ರಕ್ಕಿನಲ್ಲಿ ರೇಡಿಯೋ ಇತ್ತು. ಕಾಲೇಜಿನ ಪಂದ್ಯಗಳ ಕಾಮೆಂಟರಿಯನ್ನು ಮೊದಲಿನಿಂದಲೂ ಹೇಳುತ್ತ ಬಂದ ಮುದುಕನೇ ಇವತ್ತೂ ಹೇಳುತ್ತಿದ್ದ. ಗಾಜಿನ ಮೇಲೆ ಉಸಿರಿನ ಮಂಜು ಕಟ್ಟಿತು. ವರ್ಲಿನ್ ಕಣ್ಣು ಮುಚ್ಚಿದ. ಫ್ಯಾಕ್ಟರಿಯೂ ಇಲ್ಲ, ಚಳಿಯೂ ಇಲ್ಲ. ಹೊಳೆಯುವ ಮರದ ನೆಲ, ಅದರ ಮೇಲೆ ತೇಲಿದಂತೆ ಓಡುವ ಉದ್ದುದ್ದ ಹುಡುಗರು. ಮುದುಕನ ದನಿಯ ಹಿಂದೆಯೇ ಅವನೂ ತೇಲಿಕೊಂಡು ಹೋದ. ನಿಜ ಹೇಳಬೇಕೆಂದರೆ ಸುಖವಾಗಿತ್ತು.

"ಅಯ್ಯೋ, ತಪ್ಪಿತು!" ಎಂದು ವರ್ಲಿನ್ ಕೂಗಿಕೊಂಡ. ಮನೆಯೊಳಗೆ ಯಾವ ಸದ್ದೂ ಇಲ್ಲ. ಒಂದು, ಎರಡು, ಮೂರು... ಎಂಟು ಸೆಕೆಂಡಿನ ಮೇಲೆ ಒಳಗಿನಿಂದ "ಅಯ್ಯೋ!"

ಸ್ವಲ್ಪ ಹೊತ್ತಿಗೆ "ಭಲೇ!" ಎಂದ. ಎಂಟು ಸೆಕೆಂಡಿನ ಮೇಲೆ ಒಳಗೂ "ಭಲೇ!" ವರ್ಲಿನ್‌ಗೆ ಅರ್ಥವಾಯಿತು. ರೇಡಿಯೋ ಮುಂದಿದೆ, ಟೀವಿ ಹಿಂದಿದೆ.

ಒಳಗಿನವರಿಗೂ ಅರ್ಥವಾಯಿತು, ಬೇರೆ ಥರ. ಡ್ವೈಟ್ ಓಡಿಬಂದ.

"ಲೋ ದರಿದ್ರದವನೇ, ನೀನು ಅಯ್ಯೋ ಅಂದಾಗೆಲ್ಲ ಚೆಂಡು ಹೊರಗೆ ಹೋಗ್ತಿದೆ! ಭಲೇ ಅಂದ್ರೆ ಒಳಗೆ ಬೀಳ್ತಿದೆ! ಬಾಯಲ್ಲಿ ಒಳ್ಳೇ ಮಾತು ಬರ್ಲಿ."

"ನಾನೇನೂ ಮಾಡ್ತಿಲ್ಲ ಕಣೋ. ರೇಡಿಯೋ ಮೊದ್ಲೇ ಹೇಳುತ್ತೆ, ಟೀವೀಲಿ ಆಮೇಲೆ ಕಾಣುತ್ತೆ."

"ಮಿಂಚು ಮೊದ್ಲು ಕಾಣುತ್ತೆ, ಗುಡುಗು ಆಮೇಲೆ ಕೇಳುತ್ತೆ. ಒಂದನೇ ಕ್ಲಾಸಿನ ಮಗೂಗೂ ಗೊತ್ತು. ನನಗೇ ಪಾಠ ಹೇಳ್ತೀಯಾ?"

ಕೊನೆಯ ಐದು ನಿಮಿಷ ಉಳಿದಾಗ ಹದಿನಾಲ್ಕೂ ಜನ ಟ್ರಕ್ಕಿನ ಸುತ್ತ ನಿಂತಿದ್ದರು. ಟೀವಿಯನ್ನು ಎಳೆದು ಕಿಟಕಿಯ ಕಡೆ ತಿರುಗಿಸಿದ್ದರು. ಅವನು ತಪ್ಪಿಯೂ ಅತ್ತ ನೋಡದಂತೆ ಓಪಲ್ ಅಜ್ಜಿ ಅವನ ತಲೆಗೆ ಕಂಬಳಿ ಎಳೆದು, "ಒಳ್ಳೇದು ನುಡಿ ಮಗನೇ" ಎಂದು ಬೆನ್ನು ನೀವುತ್ತಿದ್ದಳು.

ನಾಲ್ಕು ಸೆಕೆಂಡಿನ ಆಟ ಬಾಕಿ, ಟ್ರಾಸ್ಕ್ ಒಂದೇ ಪಾಯಿಂಟ್ ಹಿಂದೆ. ವರ್ಲಿನ್ ರೇಡಿಯೋವನ್ನು ಸಣ್ಣಗೆ ಮಾಡಿ ಕಿವಿಗೊಟ್ಟ.

'ಹದಿಮೂರನೇ ನಂಬರ್... ಎಸೆದ... ಅಯ್ಯೋ, ಕಂಬಿಗೆ ಬಡಿದು ಹೊರಗೆ—'

ಮುಂದಿನದನ್ನು ಕೇಳಲಾಗದೆ ವರ್ಲಿನ್ ರೇಡಿಯೋ ಆರಿಸಿಬಿಟ್ಟ. ಕಂಬಳಿ ಸರಿಸಿದ. ಎದುರಿಗೆ ನೋರೀನ್ ನಿಂತಿದ್ದಳು, ಚಳಿಯಲ್ಲಿ ಬರಿಗಾಲಲ್ಲಿ, ಎರಡೂ ಮುಷ್ಟಿ ಬಿಗಿಹಿಡಿದು. ಆ ಮುಖಕ್ಕೆ ಅಯ್ಯೋ ಎನ್ನಲು ಅವನ ನಾಲಿಗೆ ಏಳಲಿಲ್ಲ.

"ಬಿತ್ತು!" ಎಂದು ಕಿರುಚಿದ. "ಬಿತ್ತು! ಗೆದ್ವಿ!"

ಟೀವಿಯಲ್ಲಿ ಕಾಣಲು ಇನ್ನೂ ಎಂಟು ಸೆಕೆಂಡು. ಅಷ್ಟರೊಳಗೇ ಜನ ಹೋ ಎಂದು ಕುಣಿದರು. ಓಪಲ್ ಅಜ್ಜಿ ಡ್ವೈಟನ ಕೆನ್ನೆಗೆ ಮುತ್ತು ಕೊಟ್ಟಳು. ನೋರೀನ್ ಟ್ರಕ್ಕಿನ ಕಿಟಕಿಯೊಳಗೆ ಅರ್ಧ ತೂರಿಕೊಂಡು ವರ್ಲಿನ್‌ನ ಕತ್ತು ತಬ್ಬಿ ನಕ್ಕಳು, ನವೆಂಬರಿನಿಂದ ಕೂಡಿಟ್ಟ ನಗುವನ್ನೆಲ್ಲ ಒಂದೇ ಸಲಕ್ಕೆ ನಕ್ಕಳು. ಆ ಅಂಗಳ ನೆಲ ಬಿಟ್ಟು ಒಂದಿಷ್ಟು ಮೇಲೆದ್ದ ಹಾಗೆ ಅವನಿಗೆ ಅನ್ನಿಸಿತು. ಇದು ಹೀಗೇ ಇರಬಾರದೇ ಎಂದುಕೊಳ್ಳುತ್ತಲೇ, ಓಡಿಹೋಗಲು ಅನುಕೂಲವಾಗಲೆಂದು ಮೆಲ್ಲಗೆ ಗೇರ್ ಹಿಡಿದ.

ಟೀವಿಯಲ್ಲಿ ಹುಡುಗ ಚೆಂಡು ಎಸೆದ. ಕಂಬಿಗೆ ಬಡಿಯಿತು. ಹೊರಗೆ ಹಾರಿತು. ಎಲ್ಲಿಂದಲೋ ಇನ್ನೊಂದು ಉದ್ದನೆಯ ಕೈ ಬಂದು ಅದನ್ನು ಮೆಲ್ಲಗೆ ಒಳಕ್ಕೆ ತಳ್ಳಿತು. ಆಟ ಮುಗಿದ ಭೋಂ ಸದ್ದು ಕೇಳಿಸಿತು.

ಯಾರೂ ಬೆಚ್ಚಲಿಲ್ಲ. ಅವರಿಗೆ ಗೆಲುವು ಹಳೇ ಸುದ್ದಿ. ಬೆಚ್ಚಿದವನು ಒಬ್ಬನೇ.

"ಅದು ಹೆಂಗ್ ಬೀಳುತ್ತೆ!" ಎಂದು ವರ್ಲಿನ್ ಚೀರಿದ.

ಸಂಜೆ ಡ್ವೈಟ್ ಅಡಿಗೆಮನೆಯ ರೇಡಿಯೋ ಹಚ್ಚಿ, ಇನ್ನೊಂದು ಪಂದ್ಯ ಬರುತ್ತಿದ್ದ ಟೀವಿಯ ಜೊತೆ ತಾಳೆ ನೋಡಿದ. ತಲೆ ಕೆರೆದುಕೊಂಡು ಟ್ರಕ್ಕಿನ ಹತ್ತಿರ ಬಂದ. ವರ್ಲಿನ್ ಇನ್ನೂ ಇಳಿದಿರಲಿಲ್ಲ.

"ತಪ್ಪಾಯ್ತು ಕಣೋ. ನೀನು ಹೇಳಿದ್ದೇ ಸರಿ, ರೇಡಿಯೋನೇ ಮುಂದೆ. ಸುಮ್ಸುಮ್ನೆ ನಿನ್ನ ಚಳೀಲಿ ಕೂರಿಸಿದ್ವಿ. ಶನಿವಾರದ ಆಟಕ್ಕೆ ಸೋಫಾದ ನಡುವಿನ ಜಾಗ ನಿಂದೇ. ಓಪಲ್ ಅಜ್ಜೀನೂ ಒಪ್ಪಿದಾಳೆ."

ವರ್ಲಿನ್ ಬೆಳಕಿದ್ದ ಆ ಕಿಟಕಿಯನ್ನು ಆಸೆಯಿಂದ ನೋಡಿದ. ಆಮೇಲೆ ಟ್ರಕ್ಕಿನ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡು, ಗಾಜನ್ನು ಒಂದಂಗುಲ ಇಳಿಸಿದ.

"ಸೋಫಾ ಬ್ಯಾಡ ಡ್ವೈಟ್. ನಾನಿಲ್ಲೇ ಇರ್ತೀನಿ."

"ಹುಚ್ಚಾ ನಿಂಗೆ? ಮತ್ತೆ ರೇಡಿಯೋಲೇ ಕೇಳ್ತೀಯಾ?"

"ಇಲ್ಲ," ಎಂದ ವರ್ಲಿನ್. "ಅದನ್ನ ಆರಿಸಿದಾಗ್ಲೇ ಚೆಂಡು ಬಿದ್ದಿದ್ದು."