ಕಣ್ಣು ಅಳಿಸಿದ ಮೇಲೆ

ಮಂಡ್ಯದ ಒಂದು ಪ್ರೆಸ್ಸಲ್ಲಿ ಪ್ರೂಫ್ ತಿದ್ದೋ ಕೆಲಸ ನಂದು. ಮದುವೆ ಕರೆಯೋಲೆ ಅಚ್ಚು ಹಾಕುವಾಗ ನೆಟ್ಟಗಿರೋ ಪ್ರೆಸ್ಸು, ದೇವರ ಪುಸ್ತಕ ಬಂತೂಂದ್ರೆ ಏನಾದರೊಂದು ಎಡವಟ್ಟು ಮಾಡೇ ಮಾಡುತ್ತೆ. ಈ ಸಲ ಬಂದಿದ್ದು ಮದ್ದೂರಿನ ಮೌಲ್ವಿ ಸಾಹೇಬರ ಪುಸ್ತಕ. ಅಲ್ಲಾಹನ ಗುಣಗಳನ್ನ ಹೇಗೆ ಅರ್ಥ ಮಾಡ್ಕೋಬೇಕು ಅಂತ ಕನ್ನಡ ಓದೋ ಮಕ್ಕಳಿಗೆ ಬರೆದಿದ್ದು.

ಕೈ

‘ಅಲ್ಲಾಹನ ಕೈ’ ಅಂತ ಇದ್ದ ಕಡೆಯೆಲ್ಲ ನಾನು ‘ಶಕ್ತಿ’ ಅಂತ ತಿದ್ದಿಬಿಟ್ಟಿದ್ದೆ. ಕೈ ಅಂದ್ರೆ ಜನ ಬೆರಳು ಎಣಿಸೋಕೆ ಕೂರ್ತಾರಲ್ಲ.

“ಹಾಗೆ ಅರ್ಥ ಹೇಳೋ ವಿದ್ವಾಂಸರೂ ಇದ್ದಾರೆ,” ಅಂದ್ರು ಸಾಹೇಬರು ಸಮಾಧಾನವಾಗಿ. “ನಮ್ಮ ಗುರುಗಳು ಮಾತ್ರ, ಕೈ ಅಂದಿದ್ರೆ ಕೈ ಅಂತ್ಲೇ ಒಪ್ಕೊಳ್ಳಿ, ಹೇಗಿದೆ ಅಂತ ಕೇಳಬೇಡಿ ಅಂತಿದ್ರು. ಅದು ನಮ್ಮ ಕೈಯಂಥದ್ದಲ್ಲ.”

ಅಷ್ಟರಲ್ಲಿ ಕರೆಂಟು ಹೋಯ್ತು. ಕಿಟಕಿ ಇಲ್ಲದ ಕೋಣೆ, ಮಧ್ಯಾಹ್ನವೇ ಕಗ್ಗತ್ತಲು. ನನ್ನ ಹೆಗಲ ಮೇಲೆ ತಣ್ಣಗೆ ಒಂದು ಕೈ ಬಿತ್ತು. ಜೀವ ಬಾಯಿಗೆ ಬಂತು. “ಯಾರದು?” ಅಂತ ಕಿರುಚಿದೆ.

“ನಾನೇ ಕಣ್ ಸಾ,” ಅಂದ ಮಿಷನ್ ನಡೆಸೋನು. “ನಂದು ಎಲ್ಲಾರ ಕೈಯಂಥದ್ದೇ.”

ಕಣ್ಣು

ಈ ಮಿಷನ್‌ನೋನ ಹೆಂಡ್ತಿ, ಇವನ ಕುಡಿತ ತಾಳಲಾರದೆ ಪೂರಿಗಾಲಿಯ ತವರಲ್ಲಿ ಹೋಗಿ ಕೂತಿದ್ಳು. ಕುಡಿಯೋದು ಬಿಟ್ಟಿದ್ದಾನೆ ಅಂತ ನಾನು ಫೋನ್ ಮಾಡಿ ಹೇಳಿದ್ರೆ ಮಾತ್ರ ಬರ್ತೀನಿ ಅಂದಿದ್ಳು. ಬಿಟ್ಟಿದ್ರೆ ತಾನೆ ನಾನು ಹೇಳೋದು? ದಿನಾ ಕಾಗದದ ಕಟ್ಟುಗಳ ಹಿಂದೆ ಕೂತು ಕುಡೀತಿದ್ದ. ಬೈದೂ ಬೈದೂ ನನಗೇ ಬೇಜಾರಾಗಿತ್ತು.

ಮೊದಲು ಊರೂರ ಗುಡಿಗೆ ದೇವರ ಚಿತ್ರ ಬರೀತಿದ್ದೋನು, ಅದಕ್ಕೇ ಈ ಪುಸ್ತಕದ ಮುಖಪುಟ ಬರೆಯೋ ಕೆಲಸವೂ ಅವನದೇ. ನೋಡ್ತೀನಿ, ಹಸಿರು ಹಾಳೆ ಮೇಲೆ ದೊಡ್ಡದಾಗಿ ಒಂದೇ ಕಣ್ಣು, ಆಗಲೇ ಅಚ್ಚಾಗಿ ಕಟ್ಟುಗಟ್ಟಲೆ ಬಿದ್ದಿದೆ. ನಾನು ಆಚೆ ಸರಿದ್ರೆ ಆಚೆ ನೋಡ್ತು, ಈಚೆ ಸರಿದ್ರೆ ಈಚೆ.

“ಏನ್ಲಾ ಇದು? ಅವರ ದೇವರ ಚಿತ್ರ ಬರೀಬಾರದು ಅಂತ ಗೊತ್ತಿಲ್ವಾ?”

“ಬರ್ದಿಲ್ಲ ಕಣ್ ಸಾ. ನಾವು ಮೈ, ಮೊಕ ಎಲ್ಲಾ ಮುಗ್ಸಿ ಕೊನೇಗೆ ಕಣ್ಣು ಬರಿಯೋದು. ಸಾಯೇಬ್ರು ನಮ್ಮಂಗೆ ಮೈನೂ ಇಲ್ಲ, ಮೊಕಾನೂ ಇಲ್ಲ, ಆದ್ರೂ ನೋಡ್ತಾನೆ ಅಂದ್ರು. ಉಳ್ಕಂಡಿದ್ದು ಇಷ್ಟೇಯ.”

ಖಾಲಿ

ಸಾಹೇಬರು ಕವರು ನೋಡಿ ಕಣ್ಣು ಮುಚ್ಕೊಂಡ್ರು. “ನೋಡ್ತಾನೆ, ನಿಜ. ಹೇಗೆ ಅಂತ ಬರೆಯೋಕೆ ನಾವ್ಯಾರು? ಅಳಿಸಿಬಿಡಿ,” ಅಂದ್ರು.

ಹೊಸ ಕವರು ಬಂತು. ಬರೀ ಹಸಿರು, ಕೆಳಗೆ ಪುಸ್ತಕದ ಹೆಸರು: ‘ಎಲ್ಲವನ್ನೂ ನೋಡುವವನು’. ಮಧ್ಯಾಹ್ನ ಮತ್ತೆ ಕರೆಂಟಿಲ್ಲ. ಬಾಗಿಲ ಸಂದಿಯ ಬೆಳಕಲ್ಲಿ ಒಣಗೋಕೆ ಇಟ್ಟ ಆ ಖಾಲಿ ಕವರುಗಳು ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ವು. ಯಾಕೋ ಅತ್ತ ಬೆನ್ನು ಹಾಕೋಕೂ ನನಗೆ ಭಯವಾಯ್ತು.

ಕಟ್ಟುಗಳ ಹಿಂದಿನಿಂದ ಮಿಷನ್‌ನೋನು ಎದ್ದು ಬಂದ. ಮುಖವೆಲ್ಲ ಬೆವರು. ಮುಚ್ಚಳ ತೆಗೆಯದ ಬಾಟ್ಲಿ ಹಿಡ್ಕೊಂಡು ಸೀದಾ ಹೊರಗೆ ಹೋದೋನೇ ಅದನ್ನ ಬಿಚ್ಚಿ ಚರಂಡಿಗೆ ಸುರಿದ. ನಾನು ತಡಮಾಡದೆ ಪೂರಿಗಾಲಿಗೆ ಫೋನ್ ಮಾಡಿ, ಕುಡಿಯೋದು ಬಿಟ್ಟ ಅಂದೆ.

“ಅವನು ಆಣೆ ಇಟ್ರೆ ನಂಬಬ್ಯಾಡಿ ಸಾ,” ಅಂದ್ಳು ಹೆಂಡ್ತಿ. “ಯಾಕ್ ಬುಟ್ಟ ಕೇಳಿ.”

ಫೋನ್ ಅವನ ಕೈಗೇ ಕೊಟ್ಟೆ.

“ಕಣ್ಣಿದ್ದಾಗ ಕವರ್ನ ಮಕಾಡೆ ಮಡಗಿ ಕುಡೀತಿದ್ದೆ ಕಣಮ್ಮಿ,” ಅಂದ. “ಈಗ ಅದ್ಕೆ ಕಣ್ಣೇ ಇಲ್ಲ. ಯಾವ್ ಕಡೀಕೆ ಮಗುಚ್ಲಿ ಯೋಳು?”

 ಆ ಕಡೆಯಿಂದ ಹೆಂಡ್ತಿ ಅಂದಿದ್ದು ನನಗೂ ಕೇಳಿಸ್ತು:

“ಸಂಜೆ ಬಸ್ಸಿಗೆ ಬತ್ತೀನಿ. ಆ ಕವರ್ನೂ ಮನೇಗೆ ತಕ್ಕಂಬಾ.”