ತಪ್ಪಲ ತಿರುಗಿಸುವ ಡಬ್ಬಿ

ದೊಡ್ಡ ವಿಷಯಗಳನ್ನು ನಿರ್ಧರಿಸುವುದು ನನಗೆ ಎಂದೂ ಕಷ್ಟವಾಗಿಲ್ಲ. ಮದುವೆಗೆ ಹೂಂ ಅನ್ನಲು ನಾನು ತೆಗೆದುಕೊಂಡದ್ದು ಒಂದು ಕಪ್ ಚಹಾ ಆರುವಷ್ಟು ಹೊತ್ತು. ಬಸವಕಲ್ಯಾಣದಲ್ಲಿ ಬಾಡಿಗೆಗೆ ಮನೆ ಹಿಡಿದಾಗ ಹಿತ್ತಲ ಬಾಗಿಲು ಗಟ್ಟಿ ಇದೆಯೋ ಇಲ್ಲವೋ ಎಂದು ಕೂಡ ನೋಡಲಿಲ್ಲ. ಸಾಮಾನು ಇಳಿಸಿದ ಮೇಲೆ ತಿಳಿಯಿತು, ಆ ಮನೆಗೆ ಹಿತ್ತಲ ಬಾಗಿಲೇ ಇರಲಿಲ್ಲ. ಅದಕ್ಕೂ ನಾನು ಅಷ್ಟೇನೂ ಮರುಗಲಿಲ್ಲ. ಆದರೆ ಅಡುಗೆಮನೆಗೆ ಒಂದು ಸಾಮಾನು ಆರಿಸಬೇಕು ಅಂದರೆ ನನ್ನ ಬುದ್ಧಿ ಕೈಕೊಡುತ್ತದೆ. ಲಟ್ಟಣಿಗೆ ಕೊಳ್ಳಲು ಹೋಗಿ ಎರಡು ಸಲ ಬರಿಗೈಲಿ ಬಂದವಳು ನಾನು. ಅಂಥವಳು ಮೆಂತ್ಯೆ ತಪ್ಪಲದ, ಅಂದರೆ ಸೊಪ್ಪಿನ, ನೀರು ತೆಗೆಯುವ ಸಾಧನವನ್ನು ಹುಡುಕಿಕೊಂಡು ಹುಮನಾಬಾದಿನವರೆಗೆ ಹೋದ ಕತೆ ಇದು. ನಾನು ಹೈಸ್ಕೂಲಿನಲ್ಲಿ ಹುಡುಗಿಯರಿಗೆ ವಿಜ್ಞಾನ ಹೇಳಿಕೊಡುವ ಟೀಚರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟರೆ ಆಮೇಲೆ ಇನ್ನೂ ನಾಚಿಕೆಯಾಗುತ್ತದೆ.

ಎಂಬತ್ತನೆಯ ಇಸವಿಯ ಆಚೀಚಿನ ಮಾತು. ನಮ್ಮ ಅತ್ತೆ ಗುರಮ್ಮನವರಿಗೆ ಕಾಮಣಿ ಆಯಿತು. ಕಣ್ಣು, ಉಗುರು ಎಲ್ಲ ಅರಿಸಿನ. ತಿಂಗಳೊಪ್ಪತ್ತು ಹಾಸಿಗೆಯಲ್ಲೇ ಕಳೆದರು. ಬಣ್ಣ ಇಳಿಯಿತು, ಆದರೆ ಹಸಿವು ತಿರುಗಿ ಬರಲಿಲ್ಲ. ಅತ್ತೆಯದು ಹುಟ್ಟಿದಾಗಿನಿಂದ ಒಂದೇ ಊಟ: ಜೋಳದ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಜೊತೆಗೆ ಹಸಿ ಮೆಂತ್ಯೆ ತಪ್ಪಲ. ಸಂತೆಯಿಂದ ಕಟ್ಟು ಬಂದರೆ ಮಣ್ಣು ಕೊಡವಿ, ಸೀರೆಯ ಸೆರಗಿನಲ್ಲಿ ಒಂದು ಸಲ ಒರೆಸಿ ತಿನ್ನುವವರು. ಡಾಕ್ಟರು ಮಾತ್ರ ಬೆರಳೆತ್ತಿ ಹೇಳಿಬಿಟ್ಟಿದ್ದರು: “ನೀರು ಕುದಿಸಿ ಆರಿಸಿ ಕುಡೀಬೇಕು. ಹಸಿ ತಪ್ಪಲ ತಿನ್ನೋದಾದ್ರ ಅದೇ ನೀರಿನ್ಯಾಗ ಮೂರು ಸಲ ತೊಳೀರಿ. ಇನ್ನೊಮ್ಮೆ ಬಂತಂದ್ರ ಈ ವಯಸ್ಸಿನ್ಯಾಗ ತಡಕೊಳ್ಳೂದು ಕಷ್ಟ ಅದ.”

ನನಗೆ ಯಾರಾದರೂ ನಿಯಮ ಕೊಟ್ಟರೆ ಸಾಕು, ಅದಕ್ಕೆ ನಾಲ್ಕು ಉಪನಿಯಮ ಸೇರಿಸಿ ಪಾಲಿಸುವವಳು. ಅಲ್ಲಿಯವರೆಗೆ ಅತ್ತೆಯ ತಾಟನ್ನು ಅತ್ತೆಯೇ ಹಾಕಿಕೊಳ್ಳುತ್ತಿದ್ದರು. ಈಗ ಆ ಅಧಿಕಾರ ನನ್ನ ಕೈಗೆ ಬಂತು. ತಪ್ಪಲವನ್ನು ಮೂರು ಸಲ ತೊಳೆದೆ, ಜೀರ್ಣವಾಗಲಿ ಎಂದು ಸಣ್ಣಗೆ ಹೆಚ್ಚಿದೆ, ಉಳ್ಳಾಗಡ್ಡಿ ಬೆರೆಸಿ, ಉಪ್ಪು ಹಾಕಿ, ಮೇಲೆ ಶೇಂಗಾ ಹಿಂಡಿ ಉದುರಿಸಿ ಚೆಂದವಾಗಿ ಮುಂದಿಟ್ಟೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು ತಾಟು ಸರಿಸಿದರು.

“ಯಾಕ್ರೀ ಅತ್ತೀ?”

“ನೀರ ನೀರ ಆಗ್ಯಾದ. ಹಿಂಡಿ ಎಲ್ಲಾ ಕೆಸರಾಗ್ಯಾದ ನೋಡು. ಎಮ್ಮಿ ಮುಂದ ಇಡು.”

ಮರುದಿನವೂ ಅದೇ. ನಾಲ್ಕನೆಯ ದಿನ ನಮ್ಮ ಯಜಮಾನರು ನನ್ನನ್ನು ಬದಿಗೆ ಕರೆದು, “ಒಂದ್ ದಿನಾ ತೊಳೀದೇ ಕೊಡು ಮಾರಾಯ್ತಿ” ಎಂದರು. ಯಜಮಾನರು ತಹಸೀಲ ಕಚೇರಿಯಲ್ಲಿ ಗುಮಾಸ್ತರು. ನಿಯಮವನ್ನು ಒಂದು ದಿನದ ಮಟ್ಟಿಗೆ ಸಡಿಲಿಸಿದರೆ ಭೂಮಿ ಬಿರಿಯುವುದಿಲ್ಲ ಎಂದು ಅನುಭವದಿಂದ ಬಲ್ಲವರು. ನಾನು ಒಪ್ಪಲಿಲ್ಲ. ಅತ್ತೆ ಹಾಲು ಕುಡಿದು ಮಲಗಿದರು. ಬರುಬರುತ್ತ ಅವರ ಕೈಬಳೆಗಳು ಮೊಳಕೈವರೆಗೆ ಜಾರತೊಡಗಿದವು. ನೋಡಲು ಬಂದವರ ಮುಂದೆ, “ಸೊಸಿ ನನಗ ನೀರು ತಿನಸಾಕತ್ತಾಳ” ಎಂದು ಮೆಲ್ಲಗೆ ಹೇಳುವುದೂ ಶುರುವಾಯಿತು. ಬಂದವರು ನನ್ನ ಕಡೆ ನೋಡುವ ನೋಟಕ್ಕೆ ನಾನು ಚಹಾ ಕಪ್ಪುಗಳನ್ನು ಎರಡೆರಡು ಸಲ ತೊಳೆಯಲು ಒಳಗೆ ಓಡುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಭಯವಾಗಿತ್ತು. ತೊಳೆಯದೆ ಕೊಟ್ಟು ರೋಗ ಮರುಕಳಿಸಿದರೆ ತಪ್ಪು ನನ್ನದು. ತೊಳೆದು ಕೊಟ್ಟು ಉಪವಾಸದಲ್ಲಿ ಕರಗಿಹೋದರೂ ತಪ್ಪು ನನ್ನದೇ.

ಹಾಗಾಗಿ ಉಳಿದ ದಾರಿ ಒಂದೇ, ತಪ್ಪಲದ ನೀರು ತೆಗೆಯುವುದು. ಬಿಸಿಲಿಗೆ ಹರವಿದೆ. ನೀರಿನ ಜೊತೆಗೆ ಜೀವವೂ ಹೋಗಿ ಎಲೆ ಬಾಡಿತು. ಟವೆಲಿನಲ್ಲಿ ಒತ್ತಿದೆ. ಟವೆಲು ಹಸಿರಾಯಿತು, ತಪ್ಪಲ ಚಟ್ನಿಯಾಯಿತು. ಆಗ ನನ್ನೊಳಗಿನ ವಿಜ್ಞಾನದ ಟೀಚರು ಎದ್ದು ನಿಂತಳು. ಕೇಂದ್ರಾಪಗಾಮಿ ಬಲ! ಗರಗರ ತಿರುಗಿಸಿದರೆ ನೀರು ತಾನಾಗಿ ಹೊರಕ್ಕೆ ಚಿಮ್ಮಬೇಕಲ್ಲ. ಒಂದು ಭಾನುವಾರ ಬೆಳಿಗ್ಗೆ ತೆಳುವಾದ ಪಂಚೆಯ ತುಂಡಿನಲ್ಲಿ ತಪ್ಪಲ ಕಟ್ಟಿ, ಅಂಗಳದಲ್ಲಿ ನಿಂತು, ಯಜಮಾನರಿಗೆ ಸೂತ್ರ ವಿವರಿಸುತ್ತ ಕೈ ಬೀಸಿದೆ. ಮೊದಲೆರಡು ಸುತ್ತಿಗೆ ನೀರು ಹೊರಬಿತ್ತು, ಸ್ವಲ್ಪ ಗೋಡೆಯ ಮೇಲೆ, ಉಳಿದದ್ದು ಯಜಮಾನರ ಇಸ್ತ್ರಿ ಅಂಗಿಯ ಮೇಲೆ. ಇನ್ನೂ ವೇಗ ಬೇಕು ಅಂದುಕೊಂಡೆ. ಐದನೆಯ ಸುತ್ತಿಗೆ ಗಂಟು ಬಿಚ್ಚಿತು. ಎರಡು ಕಟ್ಟು ಮೆಂತ್ಯೆ ಗೋಡೆ ದಾಟಿ ಪಕ್ಕದ ಖುರ್ಷೀದಾ ಆಪಾರ ಅಂಗಳಕ್ಕೆ ಹೋಯಿತು. ಅಲ್ಲಿ ಹೊರಸಿನ ಮೇಲೆ ಅವರು ಶಾವಿಗೆ ಒಣಹಾಕಿದ್ದರು.

ಗೋಡೆಯ ಆಚೆಯಿಂದ ಆಪಾರ ದನಿ ಬಂತು: “ಯಾ ಅಲ್ಲಾ! ಟೀಚರ್, ಆಸ್ಮಾನದಿಂದ ಪಲ್ಯಾ ಬೀಳಾಕತ್ತದ ನೋಡ್ರಿ!”

ನಾನು ಹೋಗಿ ಶಾವಿಗೆಯಿಂದ ಒಂದೊಂದೇ ಎಲೆ ಆರಿಸುತ್ತ, ಅಳುವ ದನಿಯಲ್ಲಿ ಎಲ್ಲವನ್ನೂ ಹೇಳಿಕೊಂಡೆ. ಆಪಾ ಸಿಟ್ಟಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಸುಸ್ತಾದ ಮೇಲೆ, “ಇಷ್ಟಕ್ಕ ಯಾಕ ಅಳ್ತೀರಿ? ಹುಮನಾಬಾದದಾಗ ನಮ್ಮ ತಂಗಿ ಮೆಹರುನ್ನೀಸಾ ಇದ್ದಾಳಲ್ಲ, ಆಕಿ ಗಂಡ ದುಬೈದಿಂದ ಒಂದು ಮಷಿನ್ ತಂದಾನ. ಪಲ್ಯಾ ಹಾಕಿ ಹಿಡಿ ತಿರುವಿದ್ರ ನೀರೆಲ್ಲಾ ಖಾಲಿ ಅಂತ. ನಾ ಖುದ್ದ್ ನೋಡಿಲ್ಲ, ಖರೆ. ಬರೂ ಐತವಾರ ಹೋಗೋಣ ನಡೀರಿ” ಎಂದರು.

ಮುಂದಿನ ಭಾನುವಾರ ನಾವಿಬ್ಬರೂ ಬಸ್ಸು ಹತ್ತಿದೆವು. ಕೊಂಡುಕೊಳ್ಳಲು ಸಿಗುವುದಾದರೆ ಒಬ್ಬರ ಮನೆಯ ದುಬೈ ವಸ್ತುವಿಗೆ ಕೈಯೊಡ್ಡುವುದು ಯಾಕೆ ಎಂದು ಮೊದಲು ಹುಮನಾಬಾದಿನ ಒಂದು ಭಾಂಡೆ ಅಂಗಡಿಗೆ, ಪಾತ್ರೆಪಗಡಿ ಮಾರುವಲ್ಲಿಗೆ, ಹೋದೆ. ಅಂಗಡಿಯ ಯಜಮಾನರು ಗಾದಿಯ ಮೇಲೆ ಕೂತವರು, ನನ್ನ ಬೇಡಿಕೆಯನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕನ್ನಡಕ ತೆಗೆದರು.

“ಅಕ್ಕಾ, ಪಲ್ಯಾ ಮಾರಾಕಿ ದಿನಾ ಪೂರಾ ನೀರು ಹೊಡೀತಾಳ, ತಪ್ಪಲ ಹಸಿ ಇರ್ಲಿ ಅಂತ. ನೀವು ರೊಕ್ಕಾ ಕೊಟ್ಟು ಆ ನೀರು ತಗೀತೀನಿ ಅಂತೀರಿ. ಹಂಗಾದ್ರ ಮೊದ್ಲು ಆಕೀಗೆ ನೀರು ಹೊಡೀಬ್ಯಾಡ ಅಂತ ಹೇಳಬಾರದಾ?”

ಆದರೂ ವ್ಯಾಪಾರಿ ತಾನೇ, ಬರಿಗೈಲಿ ಕಳಿಸಲು ಮನಸ್ಸು ಬರಲಿಲ್ಲ. ಹಿಟ್ಟಿನ ಜರಡಿ ತೋರಿಸಿದರು, ತೂತಿನ ಸೌಟು ತೋರಿಸಿದರು, ಮೊಟ್ಟೆ ಇಡುವ ತಂತಿಯ ಬುಟ್ಟಿ ತೋರಿಸಿದರು. ಕಡೆಗೆ ಇಲಿ ಬೋನನ್ನೂ ತಂದು, “ಇದರ ಬಾಗಿಲಾ ಗಟ್ಟಿ ಅದರಿ, ಎಷ್ಟ್ ತಿರುವಿದ್ರೂ ಬಿಚ್ಚಂಗಿಲ್ಲ” ಎಂದರು. ನಾನು ಎಲ್ಲವನ್ನೂ ಕೈಯಲ್ಲಿ ಹಿಡಿದು, ಬೀಸಿ, ಯೋಚಿಸಿ, ವಾಪಸ್ ಇಟ್ಟೆ. ಇಲಿ ಬೋನನ್ನು ಎರಡು ಸಲ ಕೈಗೆತ್ತಿಕೊಂಡೆ ಎಂಬುದನ್ನು ಆಪಾ ಈಗಲೂ ಆಡಿಕೊಳ್ಳುತ್ತಾರೆ.

ಮೆಹರುನ್ನೀಸಾರ ಮನೆಯಲ್ಲಿ ಆ ಮಷಿನು ಗಾಜಿನ ಕಪಾಟಿನೊಳಗೆ, ಪ್ಲಾಸ್ಟಿಕ್ ಹೂಗಳ ನಡುವೆ, ಕಸೂತಿ ಹಾಕಿದ ಬಟ್ಟೆ ಹೊದ್ದು ಕೂತಿತ್ತು. ಬಟ್ಟೆ ಸರಿಸಿದರೆ ಹಾಲಿನ ಬಣ್ಣದ ದುಂಡನೆಯ ಡಬ್ಬಿ, ಒಳಗೆ ತೂತಿನ ಬುಟ್ಟಿ, ಮುಚ್ಚಳದ ಮೇಲೊಂದು ಕೆಂಪು ಹಿಡಿ. ಮೂರು ವರ್ಷದಿಂದ ಆಕೆ ಅದರಲ್ಲಿ ಹೊಲಿಗೆಯ ದಾರದ ಉಂಡೆಗಳನ್ನು ಇಟ್ಟಿದ್ದರಂತೆ. “ನಮ್ಮ ಮನಿಯಾಗ ಹಸಿ ಪಲ್ಯಾ ಯಾರೂ ತಿನ್ನಂಗಿಲ್ರಿ. ಇಲ್ಲಿತನಾ ಒಮ್ಮಿ ಸುದ್ಧಾ ತಿರುವಿ ನೋಡಿಲ್ಲ” ಎಂದು ದಾರ ತೆಗೆದು ಪಕ್ಕಕ್ಕಿಟ್ಟರು. ನಾನು ಬಸ್‌ಸ್ಟ್ಯಾಂಡಿನ ಹತ್ತಿರ ಕೊಂಡಿದ್ದ ಮೆಂತ್ಯೆ ತೊಳೆದು ಹಾಕಿ, ದೇವರನ್ನು ನೆನೆದು ಹಿಡಿ ತಿರುವಿದೆ. ಝೊಂಯ್ ಎಂದಿತು. ಬುಡದಲ್ಲಿ ಅರ್ಧ ಲೋಟ ನೀರು! ನನಗೆ ಕುಣಿಯುವಷ್ಟು ಖುಷಿಯಾಯಿತು. ಇನ್ನೊಂದು ಸಲ, ಸ್ವಲ್ಪ ಜೋರಾಗಿಯೇ ತಿರುವಿದೆ. ಕಟ್ ಎಂದಿತು. ಕೆಂಪು ಹಿಡಿ ನನ್ನ ಕೈಯಲ್ಲಿತ್ತು, ಮಷಿನು ನೆಲದ ಮೇಲಿತ್ತು.

ಸಮುದ್ರ ದಾಟಿ ಬಂದ ವಸ್ತು. ಗಂಡ ಅಲ್ಲಿ ಒಬ್ಬನೇ ಇದ್ದುಕೊಂಡು ಹೆಂಡತಿಗೆಂದು ಹೊತ್ತು ತಂದದ್ದು. ನಾನು ಬಂದು ಅರ್ಧ ಗಂಟೆಯಾಗಿರಲಿಲ್ಲ. ಆಪಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ಹಿಡಿಯ ಮೇಲಿನ ನೀರನ್ನು ಸುಮ್ಮಸುಮ್ಮನೆ ಒರೆಸತೊಡಗಿದೆ. ಮೆಹರುನ್ನೀಸಾ ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ಮುಚ್ಚಳದ ತೂತಿಗಿಟ್ಟು ಅಂಗೈಯಿಂದ ಒಂದು ಗುದ್ದು ಕೊಟ್ಟರು. ಟಕ್ ಎಂದು ಕೂತಿತು. ತಿರುವಿದರು. ಝೊಂಯ್!

“ಬರೇ ಸಿಗಿಸೋದು ಇತ್ತು, ಮುರದಿಲ್ಲ. ಕುಂದರ್ರಿ, ಕುಂದರ್ರಿ, ನಿಮ್ಮ ಮಾರಿ ಬೆಳ್ಳಗಾಗ್ಯಾದ” ಎಂದು ನಕ್ಕರು. ನಾನು ಧೊಪ್ಪನೆ ಕೂತೆ. ಆಮೇಲೆ ಅವರೇ, “ಹದಿನೈದು ದಿನಾ ಒಯ್ರಿ. ನಿಮ್ಮ ಅತ್ತಿ ಉಂಡ್ರಂದ್ರ ಸಾಕು. ಕಪಾಟಿನ್ಯಾಗ ಕುಂತು ಇದು ಯಾರಿಗೆ ಊಟಾ ಹಾಕ್ತದ?” ಎಂದರು. ನನ್ನ ಕಣ್ಣು ತುಂಬಿತು. ಹಿಡಿ ಬಿಚ್ಚಿದ ಭಯವೂ ಅದರಲ್ಲಿ ಸ್ವಲ್ಪ ಇತ್ತು.

ಬಸ್ಸಿನಲ್ಲಿ ಅದನ್ನು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಂದೆ. ಮನೆಗೆ ಬಂದು, ಮೂರು ಸಲ ತೊಳೆದ ತಪ್ಪಲ ತುಂಬಿ ಅತ್ತೆಯ ಮುಂದೆ ಇಟ್ಟೆ. ಅತ್ತೆ ಹಾಸಿಗೆಯಿಂದ ಎದ್ದು ಕೂತು, ಅದನ್ನು ಸುತ್ತಲೂ ಮುಟ್ಟಿ ನೋಡಿ, “ಬೀಸೂ ಕಲ್ಲಿನ ಮರಿ ಇದ್ದಂಗ ಅದ” ಎಂದರು. ಎಷ್ಟೋ ವರ್ಷ ಕಲ್ಲು ಬೀಸಿದ ಕೈ. ಹಿಡಿ ಕಂಡಮೇಲೆ ಸುಮ್ಮನಿರುತ್ತದೆಯೇ? ನನ್ನನ್ನು ಸರಿಸಿ ತಾವೇ ತಿರುವತೊಡಗಿದರು. ತಿರುಗುವುದು ನಿಂತಮೇಲೆ ಮುಚ್ಚಳ ತೆಗೆದು, ಬುಟ್ಟಿಯಿಂದಲೇ ಒಂದು ಹಿಡಿ ತಪ್ಪಲ ಎತ್ತಿ, ರೊಟ್ಟಿ ಮುರಿದು, ಹಿಂಡಿ ಹಚ್ಚಿ ಬಾಯಿಗಿಟ್ಟರು. ನಾವು ಗಂಡಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದೆವು. ಒಂದು ರೊಟ್ಟಿ ಮುಗಿಯಿತು. “ಇನ್ನೊಂದು ತಾ” ಎಂದರು. ಯಜಮಾನರು ರೊಟ್ಟಿ ತರಲು ಓಡಿದ ರೀತಿಗೆ ಹೊಸ್ತಿಲು ಎಡವಿದರು.

ಹದಿನೈದು ದಿನ ಅತ್ತೆ ಎರಡು ಹೊತ್ತು ಉಂಡರು. ಬಳೆ ಮೊಳಕೈಯಿಂದ ಕೆಳಗಿಳಿಯಿತು. ನನ್ನ ಬಗ್ಗೆ ಹೇಳುವ ಮಾತೂ ಬದಲಾಯಿತು. “ನನ್ನ ಸಲುವಾಗಿ ಹುಮನಾಬಾದಕ್ಕ ಹೋಗಿದ್ಳು” ಎಂದು ಬಂದವರಿಗೆಲ್ಲ ಮಷಿನು ತೋರಿಸುತ್ತಿದ್ದರು. ಹೇಳಿದ ದಿನಕ್ಕೆ ಸರಿಯಾಗಿ ನಾನೂ ಆಪಾ ಹೋಗಿ, ಡಬ್ಬಿಯನ್ನು ತಿಕ್ಕಿ ತೊಳೆದು ಹಿಂದಿರುಗಿಸಿ ಬಂದೆವು. ದಾರಿಯಲ್ಲಿ ಅದೇ ಅಂಗಡಿಗೆ ಹೋಗಿ, ಬೇರೆ ಉಪಾಯ ಕಾಣದೆ, ಮೊಟ್ಟೆಯ ತಂತಿ ಬುಟ್ಟಿ ಕೊಂಡೆ. ಇದನ್ನು ಅತ್ತೆ ಒಪ್ಪುತ್ತಾರೋ ಇಲ್ಲವೋ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಪಾರನ್ನು ಕೇಳುತ್ತಲೇ ಬಂದೆ.

ಮರುದಿನ ಶಾಲೆ ಬಿಟ್ಟು ಬರುವುದು ತಡವಾಯಿತು. ಬಂದು ನೋಡಿದರೆ ಅತ್ತೆ ಅಡುಗೆಮನೆಯಲ್ಲಿ ಊಟಕ್ಕೆ ಕೂತಿದ್ದಾರೆ. ಕುದಿಸಿ ಆರಿಸಿದ ನೀರಿನ ಪಾತ್ರೆ ಪಕ್ಕದಲ್ಲಿದೆ. ತಾಟಿನಲ್ಲಿ ಬುಡಸಮೇತ ಮೆಂತ್ಯೆ ಕಟ್ಟು. ತುದಿಯಿಂದ ನೀರು ತಟತಟ ತೊಟ್ಟಿಕ್ಕುತ್ತಿದೆ. ತಂತಿ ಬುಟ್ಟಿ ಗೂಟಕ್ಕೆ ತೂಗುಹಾಕಿದಂತೆಯೇ ಇದೆ.

“ಅತ್ತೀ, ಅದು ಪೂರಾ ಒದ್ದಿ ಅದರಿ!” ಎಂದೆ.

“ಇರ್ಲಿ ಬಿಡು. ಮೂರು ಸಲಾ ತೊಳದೇನಿ, ಅಂಜಬ್ಯಾಡ.”

“ನೀರ ನೀರ ಆಗ್ತದ ಅಂತಿದ್ರಲ್ಲರಿ?”

ಅತ್ತೆ ಒಂದು ಎಳೆಯನ್ನು ಅಗಿಯುತ್ತ ನನ್ನನ್ನು ಕನಿಕರದಿಂದ ನೋಡಿದರು. “ನೀ ಅದನ್ನ ಧೂಳಿನಂಗ ಸಣ್ಣಗ ಹೆಚ್ಚಿ, ಉಪ್ಪು ಹಾಕಿ ಇಡ್ತಿದ್ದಿ. ಹಂಗ ಮಾಡಿದ್ರ ತಪ್ಪಲ ನೀರ ಬಿಡ್ತದ ಶಾಂತಾ. ನಾ ಅದಕ್ಕ ಅಂದೆ. ನೀ ತೊಳದ ನೀರು ಅಂತ ತಿಳಕೊಂಡಿ. ನಾ ಹುಟ್ಟಾ ತಪ್ಪಲ ಹಿಂಗ ಇಡೀದೇ ತಿಂದಾಕಿ.”

“ಮತ್ತ ಅವತ್ತೇ ಹೇಳಬಾರದೇನ್ರಿ?”

“ಹ್ಯಾಂಗ ಹೇಳ್ಲಿ? ಅಷ್ಟು ಓದಿದಾಕಿ, ಅಷ್ಟು ಮನಸಿಟ್ಟು ಹೆಚ್ಚತಿದ್ದಿ. ಆಮ್ಯಾಲೆ ಮಷಿನ್ ತಂದಿ. ಅದರಾಗ ಇಡೀ ತಪ್ಪಲನೇ ಹಾಕಬೇಕಿತ್ತು, ನಿನ್ನ ಚಾಕೂಗೆ ಸಿಗೂದಕ್ಕಿಂತ ಮೊದ್ಲು ನಾ ತಿಂದ್ಬಿಡ್ತಿದ್ದೆ. ನನಗ ಅಷ್ಟ ಸಾಕಾತು.”

ನಾನು ನೆಲದ ಮೇಲೆ ಕೂತುಬಿಟ್ಟೆ. ನಗು ಬಂತು, ಜೊತೆಗೆ ಎದೆಯ ಮೇಲಿದ್ದ ಕಲ್ಲೂ ಇಳಿಯಿತು. ಯಾವ ಮಷಿನೂ ಇಲ್ಲದೆ ಅತ್ತೆ ಇನ್ನು ಉಣ್ಣುತ್ತಾರೆ ಎಂದರೆ ಅದಕ್ಕಿಂತ ನಿರಾಳ ಮತ್ತೇನಿದೆ? ಒಂದು ಪ್ರಯೋಗದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು ಎಂದು ವರ್ಷವರ್ಷವೂ ಹುಡುಗಿಯರಿಗೆ ಬರೆಸುತ್ತೇನೆ. ಮರೆತವರ ಅಂಕ ಕಳೆಯುತ್ತೇನೆ. ನನ್ನ ಅಂಕ ಕಳೆಯುವವರು ಯಾರು?

ಯಜಮಾನರಿಗೆ ಈ ವಿಷಯ ನಾನಂತೂ ಹೇಳಿಲ್ಲ, ಅತ್ತೆಯೂ ಹೇಳಿಲ್ಲ. ಮನೆಗೆ ಯಾರಾದರೂ ಊಟಕ್ಕೆ ಬಂದರೆ ಅವರು ಈಗಲೂ ಎದೆಯುಬ್ಬಿಸಿ, “ನಮ್ಮಾಕಿ ಸೈನ್ಸ್ ಟೀಚರ್ ನೋಡ್ರಿ. ಅವ್ವನ ತಾಟಿನ್ಯಾಗಿನ ನೀರು ತಗದು ಆಕೀನ ಉಳಿಸಿದಾಕಿ” ಎಂದು ಶುರು ಮಾಡುತ್ತಾರೆ. ಅತ್ತೆ ತಲೆ ಎತ್ತದೆ, ರೊಟ್ಟಿ ಮುರಿಯುತ್ತ, “ಹೌದು, ಭಾಳ ಶಾಣ್ಯಾ ಅದಾಳ” ಎನ್ನುತ್ತಾರೆ. ಅತಿಥಿಗಳು ನನ್ನ ಕಡೆ ಮೆಚ್ಚಿ ನೋಡುತ್ತಾರೆ. ನಾನು ಮಜ್ಜಿಗೆ ತರುತ್ತೇನೆಂದು ಒಳಗೆ ಹೋದವಳು, ಮಾತು ಬದಲಾಗುವವರೆಗೂ ಹೊರಗೆ ಬರುವುದಿಲ್ಲ.